ಸಹಾಯ ಬೇಕು: ಸ್ಲಾತ್ ಕತ್ತಿನಲ್ಲಿ ಮೂಳೆ ಯಾಕೆ ಜಾಸ್ತಿ?

ನಮಸ್ಕಾರ. ಎಂಟನೇ ತರಗತಿಗೆ ಸಸ್ತನಿಗಳ ಪಾಠ ಮಾಡುತ್ತಿದ್ದೇನೆ. ಇಲಿ, ಮನುಷ್ಯ, ತಿಮಿಂಗಿಲ, ಜಿರಾಫೆ, ಎಲ್ಲಕ್ಕೂ ಕತ್ತಿನಲ್ಲಿ 7 ಮೂಳೆ. ಜಿರಾಫೆಯದು ಒಂದೊಂದೂ ಸುಮಾರು 25 ಸೆಂ.ಮೀ. ಉದ್ದ, ಅಷ್ಟೇ. ಇದು ಮಕ್ಕಳಿಗೆ ತುಂಬಾ ಹಿಡಿಸಿತು. ಆದರೆ ನೀರಿನಲ್ಲಿ ಬದುಕುವ ಸಸ್ತನಿ ಮ್ಯಾನಟಿಗೆ 6, ಮರಕ್ಕೆ ನೇತಾಡುತ್ತಾ ನಿಧಾನವಾಗಿ ಚಲಿಸುವ ಮೂರು ಬೆರಳಿನ ಸ್ಲಾತ್‌ಗೆ 8 ಅಥವಾ 9 ಅಂದ ಕೂಡಲೇ "ಯಾಕೆ ಮೇಡಂ?" ಅಂತ ಹಿಡಿದುಕೊಂಡರು.

ಪಠ್ಯಪುಸ್ತಕದಲ್ಲಿ ಇದಿಲ್ಲ. ಹುಡುಕಿದಾಗ ಒಂದು ವಿವರಣೆ ಸಿಕ್ಕಿತು: ಈ ಸಂಖ್ಯೆ ಬದಲಾದರೆ, ಭ್ರೂಣದಲ್ಲಿ ಯಾವ ಭಾಗ ಎಲ್ಲಿ ಬೆಳೆಯಬೇಕೆಂದು ನಿರ್ಧರಿಸುವ ಹಾಕ್ಸ್ ಜೀನ್‌ಗಳ ಏರುಪೇರಿನಿಂದ ಬೇರೆ ಅಂಗಗಳಿಗೂ ತೊಂದರೆ, ಕ್ಯಾನ್ಸರ್ ಅಪಾಯವೂ ಜಾಸ್ತಿ. ಈ ಎರಡು ಪ್ರಾಣಿಗಳ ಚಯಾಪಚಯ (ಆಹಾರದಿಂದ ಶಕ್ತಿ ಪಡೆದು ಬಳಸುವ ದೇಹದ ಕ್ರಿಯೆ) ತೀರಾ ನಿಧಾನ, ಅದಕ್ಕೇ ತಡೆದುಕೊಳ್ಳುತ್ತವಂತೆ.

ನನಗೆ ಗೊಂದಲ ಇಲ್ಲೇ. ಚಯಾಪಚಯ ನಿಧಾನವಾದರೆ ಆ ಅಪಾಯ ಹೇಗೆ ಕಡಿಮೆಯಾಗುತ್ತದೆ? ಹದಿಮೂರರ ಮಕ್ಕಳಿಗೆ ಅರ್ಥವಾಗುವಂತೆ ಯಾರಾದರೂ ಬಿಡಿಸಿ ಹೇಳುತ್ತೀರಾ?