ಮಗುವಿನ ಇಸಬಿಗೆ ಪ್ರೊಬಯಾಟಿಕ್ ಪುಡಿ ಬೇಕೇ, ಮನೆಯ ಮೊಸರು ಸಾಕೇ?

ಪ್ರಶ್ನೆ (ಕಲಬುರಗಿಯಿಂದ):
ನನ್ನ ನಾಲ್ಕು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿಯೂ ಮೊಣಕಾಲಿನ ಹಿಂಭಾಗದಲ್ಲಿಯೂ ಇಸಬು ಇದ್ದು, ವೈದ್ಯರ ಮುಲಾಮಿನಿಂದ ತಗ್ಗಿ ಮತ್ತೆ ಮರುಕಳಿಸುತ್ತಿದೆ. ಕರುಳು ಸರಿಯಾದರೆ ಚರ್ಮ ತಾನೇ ಸರಿಹೋಗುತ್ತದೆಂದು ಔಷಧ ಅಂಗಡಿಯವರು ಪ್ರೊಬಯಾಟಿಕ್ ಪುಡಿ ಕೊಡಲು ಹೇಳುತ್ತಾರೆ. ಮನೆಯ ಮೊಸರಿನಲ್ಲಿ ಇಲ್ಲದ್ದು ಅದರಲ್ಲೇನಿದೆ, ಬೇಕಾದರೆ ಮೊಸರನ್ನೇ ಹಚ್ಚು ಎಂಬುದು ನಮ್ಮ ಅತ್ತೆಯವರ ವಾದ. ಚಿಕ್ಕಂದಿನಲ್ಲಿ ಇದೇ ತೊಂದರೆಯಿದ್ದ ನನ್ನ ತಂಗಿ ಈಗ ಗರ್ಭಿಣಿಯಾಗಿರುವುದರಿಂದ, ಅವಳ ವಿಚಾರವನ್ನೂ ತಿಳಿಯಬೇಕಾಗಿದೆ.

ಉತ್ತರ 1 (ಮಹಾಗಾಂವ್ ಕ್ರಾಸ್‌ನ ಡೈರಿ ವಿಜ್ಞಾನ ಕಾಲೇಜಿನ ಹಳೆಯ ವಿದ್ಯಾರ್ಥಿ):
ಅಕ್ಕಾ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಾಣುಗಳನ್ನು ಮಾತ್ರ ಪ್ರೊಬಯಾಟಿಕ್ ಎನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿಯೇ ಹೇಳಿದ್ದಾರೆ. ನಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆಯೆಂದು ಯಾರೂ ಅಳೆದಿರುವುದಿಲ್ಲ. ಅದರಲ್ಲಿಯೂ ನಮ್ಮ ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆಯ ಮೊಸರು ಮಧ್ಯಾಹ್ನಕ್ಕೆ ಹುಳಿಯಾಗುವಷ್ಟರಲ್ಲಿ ಅದರ ಜೀವಿಗಳ ಪ್ರಮಾಣವೇ ಬದಲಾಗಿರುತ್ತದೆ. ಕುದಿಸಿದ ಮಜ್ಜಿಗೆ ಸಾರಿನಲ್ಲಂತೂ ಅವು ಬಹುಪಾಲು ಸತ್ತಿರುತ್ತವೆ. ಹಾಗೆಂದು ರೊಟ್ಟಿಯ ಜೊತೆಗಿನ ಮೊಸರನ್ನು ಬಿಡಬೇಕಾಗಿಲ್ಲ, ಅದು ಒಳ್ಳೆಯ ಆಹಾರ. ಔಷಧವೆಂದು ಎಣಿಸುವುದಷ್ಟೇ ಬೇಡ. ಪುಡಿ ಕೊಳ್ಳುವುದಾದರೆ ಪೊಟ್ಟಣದ ಮೇಲೆ ತಳಿಯ ಪೂರ್ಣ ಹೆಸರು, ಅವಧಿ ಮುಗಿಯುವವರೆಗೆ ಬದುಕಿರುವ ಜೀವಿಗಳ ಸಂಖ್ಯೆ ಮತ್ತು ಇಡಬೇಕಾದ ಉಷ್ಣತೆಯನ್ನು ನೋಡಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿ ಇವನ್ನು ಕೇಳುತ್ತದೆ.

ಉತ್ತರ 2 (ಯಾದಗಿರಿ, ಜೀವಶಾಸ್ತ್ರ ಉಪನ್ಯಾಸಕಿ):
ಅಂಗಡಿಯವರ ಮಾತು ಪೂರ್ತಿ ಕಟ್ಟುಕತೆಯಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುದುಗಿಸಿ ತಯಾರಿಸುವ ಬ್ಯುಟಿರೇಟ್‌ನಂತಹ ಆಮ್ಲಗಳು ರೋಗನಿರೋಧಕ ಕೋಶಗಳ ವರ್ತನೆಯನ್ನು ಪ್ರಭಾವಿಸುತ್ತವೆ, ಮತ್ತು ಇಸಬು ಆ ನಿರೋಧಕ ವ್ಯವಸ್ಥೆಯ ಅತಿರೇಕಕ್ಕೂ ಚರ್ಮದ ಹೊರಪದರದ ದೌರ್ಬಲ್ಯಕ್ಕೂ ಸಂಬಂಧಿಸಿದ ರೋಗ. ಆದರೆ ಕಾರ್ಯವಿಧಾನ ಸಾಧ್ಯವಿದೆ ಎಂದ ಮಾತ್ರಕ್ಕೆ ರೋಗ ಗುಣವಾಗುತ್ತದೆ ಎಂದಾಗುವುದಿಲ್ಲ. ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2018ರ ವಿಮರ್ಶೆಯಲ್ಲಿ 39 ಪ್ರಯೋಗಗಳನ್ನೂ 2,599 ರೋಗಿಗಳನ್ನೂ ಒಟ್ಟಾಗಿ ಪರಿಶೀಲಿಸಿದಾಗ, ಆಗ ಲಭ್ಯವಿದ್ದ ಪ್ರೊಬಯಾಟಿಕ್‌ಗಳಿಂದ ತುರಿಕೆ, ನಿದ್ದೆಗೇಡುಗಳಲ್ಲಿ ಬಹುಶಃ ವ್ಯತ್ಯಾಸವೇನೂ ಆಗದು, ಒಂದು ವೇಳೆ ಆದರೆ ಅದು ಅತ್ಯಲ್ಪ ಎಂಬ ಫಲಿತಾಂಶ ಬಂದಿತು.

ತಡೆಗಟ್ಟುವ ಮಾತು ಬೇರೆ. ಫಿನ್‌ಲೆಂಡ್‌ನಲ್ಲಿ ಅಲರ್ಜಿಯ ಹಿನ್ನೆಲೆಯ ಕುಟುಂಬಗಳ ಗರ್ಭಿಣಿಯರಿಗೂ ನಂತರ ಶಿಶುಗಳಿಗೂ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ತಳಿಯನ್ನು ಕೊಟ್ಟು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಹೊತ್ತಿಗೆ ಇಸಬು ಕಾಣಿಸಿಕೊಂಡ ಮಕ್ಕಳು ಆ ತಳಿಯನ್ನು ಕೊಡದ ಗುಂಪಿನಲ್ಲಿ ಶೇ. 46ರಷ್ಟಿದ್ದರೆ, ಕೊಟ್ಟ ಗುಂಪಿನಲ್ಲಿ ಶೇ. 23ರಷ್ಟಿದ್ದರು. ಅದೇ ತಳಿಯನ್ನು ಜರ್ಮನಿಯಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ ಆ ಲಾಭ ಕಾಣಲಿಲ್ಲ. ಆದ್ದರಿಂದ ನಿಮ್ಮ ತಂಗಿಯವರು ತಮ್ಮ ಪ್ರಸೂತಿ ವೈದ್ಯರನ್ನು ಕೇಳಿ ನಿರ್ಧರಿಸಲಿ. ಮಗಳಿಗಾಗಿ ಆ ಹಣವನ್ನು ಖರ್ಚು ಮಾಡಲು ನಾನಂತೂ ಹೇಳಲಾರೆ.

ಉತ್ತರ 3 (ಬೀದರ್, ಶುಶ್ರೂಷಕಿ):
ಬಿರುಕು ಬಿಟ್ಟ ಇಸಬಿನ ಮೇಲೆ ಮೊಸರು ಹಚ್ಚಬೇಡಿರಿ. ಹುಳಿ ಉರಿಯುತ್ತದೆ, ಮೇಲಾಗಿ ಹಾಲಿನ ಪ್ರೋಟೀನು ಒಡೆದ ಚರ್ಮದ ಮೂಲಕ ಒಳಸೇರಿ ಅಲರ್ಜಿಗೆ ದಾರಿಯಾಗಬಹುದು. ಉಗುರುಬೆಚ್ಚಗಿನ ನೀರಿನ ಸ್ನಾನ ಮುಗಿದ ಕೂಡಲೇ, ಮೈ ಪೂರ್ತಿ ಒಣಗುವ ಮೊದಲೇ, ವಾಸನೆಯಿಲ್ಲದ ಮಾಯಿಶ್ಚರೈಸರನ್ನು ಧಾರಾಳವಾಗಿ ಹಚ್ಚಿರಿ. ಮುಲಾಮನ್ನು ಎಷ್ಟು ದಿನ ಹಚ್ಚಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದಲೇ ತಿಳಿದುಕೊಳ್ಳಿರಿ, ಏಕೆಂದರೆ ಬೇಗ ಬಿಟ್ಟುಬಿಡುವುದರಿಂದಲೂ ಇಸಬು ಮರುಕಳಿಸುವುದುಂಟು.