ಮಹಿಳಾ ಸಂಘದ ರೊಟ್ಟಿ, ಹಿಂಡಿ ಮಾರಾಟಕ್ಕೆ ಸಾಮಾಜಿಕ ಜಾಲತಾಣಗಳನ್ನು ಬಳಸುವುದು ಹೇಗೆ?

ಬನದ ಹುಣ್ಣಿಮೆ (ಬಾದಾಮಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳನ್ನು (ಚಟ್ನಿ ಪುಡಿಗಳನ್ನು) ಮಾಡಿ ಮಾರುವ ಸ್ತ್ರೀಶಕ್ತಿ ಸಂಘವೊಂದು ನಮ್ಮ ಹಳ್ಳಿಯಲ್ಲಿದೆ. ಅದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಬನಶಂಕರಿ ಜಾತ್ರೆ ನಡೆಯುವಷ್ಟು ದಿನ ನಮ್ಮ ರೊಟ್ಟಿಗೆ ಎಲ್ಲಿಲ್ಲದ ಬೇಡಿಕೆ ಇರುತ್ತದೆ. ಬೆಂಗಳೂರು, ಪುಣೆ, ಸೊಲ್ಲಾಪುರಗಳಿಂದ ಬಂದವರು ಗುಡಿಯ ಬಳಿ ಊಟ ಮಾಡಿ, ಮನೆಗೆಂದು ಖಡಕ್ ರೊಟ್ಟಿ ಕಟ್ಟಿಸಿಕೊಂಡು, ತಮ್ಮೂರಿಗೂ ಕಳಿಸಿಕೊಡುತ್ತೀರಾ ಎಂದು ಕೇಳಿ ಹೋಗುತ್ತಾರೆ. ಜಾತ್ರೆ ಮುಗಿದ ಮೇಲೆ ಸುತ್ತಲಿನ ಖಾನಾವಳಿಗಳು ಮತ್ತು ಮದುವೆ ಮನೆಗಳ ವ್ಯಾಪಾರ ಮಾತ್ರ ಉಳಿಯುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲದರಲ್ಲೂ ಖಾತೆ ತೆರೆಯೋಣವೆಂದು ಸದಸ್ಯೆಯರ ಮಕ್ಕಳು ಒತ್ತಾಯಿಸುತ್ತಿದ್ದಾರೆ. ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟರೆ ಎಲ್ಲವನ್ನೂ ತಾನೇ ನೋಡಿಕೊಳ್ಳುವುದಾಗಿ ಪಟ್ಟಣದ ಯುವಕನೊಬ್ಬ ಮುಂದೆ ಬಂದಿದ್ದಾನೆ. ಒಪ್ಪಿಕೊಳ್ಳುವ ಮೊದಲು ಕೆಲವು ವಿಷಯಗಳನ್ನು ತಿಳಿದವರಿಂದ ಕೇಳಿಕೊಳ್ಳಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸುವುದು ಒಳ್ಳೆಯದು? ಖಾತೆ ಯಾರ ಕೈಯಲ್ಲಿರಬೇಕು? ಕೆಲವು ಸದಸ್ಯೆಯರ ಮನೆಗಳಲ್ಲಿ ಹೆಣ್ಣುಮಕ್ಕಳ ಮುಖ ವಿಡಿಯೊದಲ್ಲಿ ಬರುವುದು ಇಷ್ಟವಿಲ್ಲ. ಅವರ ಮನಸ್ಸು ನೋಯಿಸದೆ ವಿಡಿಯೊ ಮಾಡುವುದು ಹೇಗೆ? ಆ ಯುವಕ ಮಾದರಿಗೆಂದು ಮಾಡಿಕೊಟ್ಟ ಪೋಸ್ಟರಿನಲ್ಲಿ ಜೋಳದ ರೊಟ್ಟಿ ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಬರೆದಿದ್ದಾನೆ, ಹಾಗೆ ಹಾಕಬಹುದೇ? ಎಲ್ಲಕ್ಕಿಂತ ಹೆಚ್ಚಾಗಿ, ನಾವು ಯಂತ್ರ ಇಟ್ಟವರಲ್ಲ. ಎಸರಿನಲ್ಲಿ ಹಿಟ್ಟು ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ಬೇಯಿಸುವವರು. ಪ್ರಚಾರ ಮಾಡಿ ಬೇಡಿಕೆ ಬಂದ ಮೇಲೆ ಪೂರೈಸಲು ಆಗದಿದ್ದರೆ ಸಂಘದ ಹೆಸರು ಕೆಡುತ್ತದೆಂಬ ಅಂಜಿಕೆ ನನಗಿದೆ.

ಖಡೇಬಜಾರ (ಬೆಳಗಾವಿ) ಅವರ ಉತ್ತರ:

ಅಕ್ಕನವರಿಗೆ ನಮಸ್ಕಾರ. ಬೆಳಗಾವಿಯ ಕೆಲವು ಮಿಠಾಯಿ ಅಂಗಡಿಗಳ ಮತ್ತು ಬಟ್ಟೆ ಅಂಗಡಿಗಳ ಪುಟಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಆ ಅನುಭವದಿಂದ ಹೇಳುತ್ತೇನೆ: ನೀವು ಮೊದಲು ತಲುಪಬೇಕಾದವರು ನಿಮ್ಮ ರೊಟ್ಟಿಯನ್ನು ಈಗಾಗಲೇ ತಿಂದವರು. ಜಾತ್ರೆಯಲ್ಲಿ ಕೇಳಿ ಹೋದವರೇ ನಿಮ್ಮ ಮೊದಲ ಪಟ್ಟಿ. ಎಂದೂ ನೋಡದವರ ಬಾಯಿಗೆ ರುಚಿ ಹತ್ತಿಸುವುದಕ್ಕಿಂತ, ರುಚಿ ಕಂಡವರಿಗೆ ಮತ್ತೆ ನೆನಪಿಸುವುದಕ್ಕೆ ಖರ್ಚೂ ಕಡಿಮೆ, ಶ್ರಮವೂ ಕಡಿಮೆ.

ಆದ್ದರಿಂದ ವಾಟ್ಸ್‌ಆ್ಯಪ್‌ನಿಂದ ಆರಂಭಿಸಿ. ಸಂಘಕ್ಕೆಂದೇ ಬೇರೆ ಸಿಮ್ ತೆಗೆದುಕೊಂಡು, 2018ರಿಂದ ಉಚಿತವಾಗಿ ಸಿಗುತ್ತಿರುವ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಅದರಲ್ಲಿ ಕ್ಯಾಟಲಾಗ್ ಎಂಬ ಸೌಲಭ್ಯವಿದೆ. ಪ್ರತಿಯೊಂದು ಪದಾರ್ಥದ ಚಿತ್ರ, ತೂಕ, ಬೆಲೆಗಳನ್ನು ಒಮ್ಮೆ ತುಂಬಿಟ್ಟರೆ, ದಿನಕ್ಕೆ ಹತ್ತು ಜನ ಬೆಲೆ ಎಷ್ಟೆಂದು ಕೇಳಿದರೂ ಹತ್ತು ಸಲ ಬರೆಯಬೇಕಾಗಿಲ್ಲ. ಆ ನಂಬರನ್ನು ಪ್ರತಿ ಪೊಟ್ಟಣದ ಮೇಲೆ ದೊಡ್ಡದಾಗಿ ಮುದ್ರಿಸಿ, "ಈ ನಂಬರನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ" ಎಂದು ಕೆಳಗೆ ಬರೆಯಿರಿ. ಇದಕ್ಕೆ ಕಾರಣವಿದೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ (ಒಂದೇ ಸಂದೇಶವನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕಳಿಸುವ ಪಟ್ಟಿ) 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಸ್ಟೇಟಸ್ ಕಾಣುವುದಕ್ಕೂ ಇಬ್ಬರ ಫೋನಿನಲ್ಲೂ ಪರಸ್ಪರರ ನಂಬರು ಇರಬೇಕು. ನಮ್ಮ ಭಾಗದ ಜನ ಬೆಳಗಾದರೆ ನೋಡುವುದು ಸ್ಟೇಟಸ್. ಅದು 24 ಗಂಟೆಗಳಲ್ಲಿ ಅಳಿಸಿಹೋಗುವುದರಿಂದ "ನಾಳೆ ಇಷ್ಟು ರೊಟ್ಟಿ ಸಿದ್ಧವಾಗುತ್ತವೆ" ಎಂದು ಹೇಳಲು ಬಹಳ ಅನುಕೂಲ.

ಗ್ರಾಹಕರ ಗ್ರೂಪ್ ಮಾತ್ರ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ನಂಬರುಗಳು ಹಾಗೆ ಅಪರಿಚಿತರ ಕೈಗೆ ಹೋಗುವುದು ಸರಿಯಲ್ಲ.

ಇನ್ನು ಖಾತೆಯ ಒಡೆತನ. ಈ ಒಂದು ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಫೇಸ್‌ಬುಕ್‌ನಲ್ಲಿ ಯಾರದೋ ವೈಯಕ್ತಿಕ ಖಾತೆಯನ್ನು ಸಂಘದ ಹೆಸರಿಗೆ ತಿರುಗಿಸಿ ವ್ಯಾಪಾರ ಮಾಡುವುದು ಆ ತಾಣದ ನಿಯಮಕ್ಕೆ ವಿರುದ್ಧ. ಅಂಥ ಖಾತೆಗೆ 5,000 ಸ್ನೇಹಿತರ ಮಿತಿಯೂ ಉಂಟು. ಸಂಘದ ಹೆಸರಿನಲ್ಲಿ ಪುಟ ತೆರೆದು, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರಿಗೂ ಪೂರ್ಣ ನಿಯಂತ್ರಣ ಇರುವಂತೆ ಮಾಡಿ. ಆ ಯುವಕನಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಕೊಟ್ಟರೆ ಸಾಕು. ಖಾತೆಗೆ ಜೋಡಿಸಿದ ಫೋನ್ ನಂಬರು ಮತ್ತು ಇಮೇಲ್ ಸಂಘದ್ದೇ ಆಗಿರಲಿ, ಎರಡು ಹಂತದ ಪರಿಶೀಲನೆಯನ್ನು (ಪಾಸ್ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆ) ಮೊದಲ ದಿನವೇ ಆನ್ ಮಾಡಿ. ಕೆಲಸ ಬಿಟ್ಟುಹೋದವರ ಜೊತೆಗೆ ಪುಟವೂ ಹೋಗಿ, ವರ್ಷಗಟ್ಟಲೆ ಕೂಡಿಸಿದ ಗ್ರಾಹಕರನ್ನು ಕಳೆದುಕೊಂಡ ಅಂಗಡಿಗಳು ನಮ್ಮ ಪೇಟೆಯಲ್ಲಿಯೇ ಇವೆ. ನಿಮ್ಮ ಸಂಘದ ಠರಾವು ಪುಸ್ತಕದಲ್ಲಿ ಯಾರ ಬಳಿ ಯಾವ ಅಧಿಕಾರವಿದೆಯೆಂದು ಬರೆದು, ಸಭೆಯಲ್ಲಿ ಓದಿ, ಸಹಿ ಮಾಡಿಸಿ.

ಮುಖ ತೋರಿಸುವ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸದಲ್ಲಿಯೇ ಇದೆ. ಕೈಗಳನ್ನು ತೋರಿಸಿ. ಎಸರು ಹೊಯ್ಯುವುದು, ಹಿಟ್ಟು ನಾದುವುದು, ಬಡಿಯುವಾಗ ರೊಟ್ಟಿ ಅಂಗೈಯ ಕೆಳಗೆ ದುಂಡಗೆ ತಿರುಗುತ್ತ ಹರಡುವುದು, ಮೇಲೆ ನೀರು ಸವರಿ ಮಗುಚುವುದು, ಉಬ್ಬುವುದು: ಇಷ್ಟನ್ನು ಬೆಳಗಿನ ಬೆಳಕಿನಲ್ಲಿ ಫೋನನ್ನು ಅಲುಗಾಡಿಸದೆ ಹಿಡಿದು ತೆಗೆದರೆ ಸಾಕು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ಬಿಸಿನೀರು ಮತ್ತು ಕೈಚಳಕದಿಂದಲೇ ಅದು ತೆಳ್ಳಗೆ ಬರಬೇಕು. ಇದು ಕಷ್ಟದ ಕೆಲಸವೆಂದು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಸಿನಿಮಾ ಹಾಡು ಹಾಕಬೇಡಿ. ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗಳಿಗೆ ಹೆಚ್ಚಿನ ಜನಪ್ರಿಯ ಹಾಡುಗಳನ್ನು ಬಳಸುವ ಅನುಮತಿ ಇರುವುದಿಲ್ಲ, ಹಕ್ಕುದಾರರು ಆಕ್ಷೇಪಿಸಿದರೆ ವಿಡಿಯೊದ ಧ್ವನಿಯನ್ನೇ ತೆಗೆದುಹಾಕಬಹುದು. ಬಡಿಯುವ ಸಪ್ಪಳ, ಬಳೆಯ ಸದ್ದು ಹಾಗೆಯೇ ಇರಲಿ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಕಡೆಯವರಿಗೆ ಆ ಸಪ್ಪಳ ಕೇಳಿದರೆ ಬೇರೆ ಜಾಹೀರಾತು ಬೇಕಾಗಿಲ್ಲ. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರದವರಿಗಾಗಿ ಕನ್ನಡದ ಕೆಳಗೆ ಮರಾಠಿಯಲ್ಲಿ ಎರಡು ಸಾಲು ಬರೆಯಿರಿ.

ಮಾಲದಂಡಿ (ವಿಜಯಪುರ) ಅವರ ಉತ್ತರ:

ಖಡೇಬಜಾರ ಅಣ್ಣನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ನಾನು ಒಣದ್ರಾಕ್ಷಿ ಮತ್ತು ಹಿಂಗಾರಿ ಜೋಳವನ್ನು ಫೋನಿನ ಮೂಲಕ ಮಾರುವವನು. ಅವರು ಬಿಟ್ಟ ಭಾಗಗಳನ್ನು ಸೇರಿಸುತ್ತೇನೆ.

ಮೊದಲಿಗೆ ಆ ಪೋಸ್ಟರ್. ಅದನ್ನು ಎಲ್ಲಿಯೂ ಹಾಕಬೇಡಿ ಅಕ್ಕನವರೇ. ಆಹಾರ ಪದಾರ್ಥ ಕಾಯಿಲೆಯನ್ನು ವಾಸಿ ಮಾಡುತ್ತದೆಂದು ಪ್ರಚಾರ ಮಾಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಜಾಹೀರಾತು ಮಾಡುವುದನ್ನು ತಡೆಯುವ ಕಾನೂನು 1954ರಿಂದಲೇ ಇದೆ. ಕಾನೂನಿನ ಮಾತು ಹಾಗಿರಲಿ, ಅದನ್ನು ನಂಬಿ ಯಾರಾದರೂ ಗುಳಿಗೆ ಬಿಟ್ಟರೆ ಅವರ ಗತಿಯೇನು? ಜೋಳದಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ ಜಿಗುಟಿನ ಅಂಶ) ಇಲ್ಲ, ನಾರಿನಂಶ ಇದೆ, ನಿಮ್ಮ ರೊಟ್ಟಿಗೆ ಮೈದಾ ಬೆರೆಸಿಲ್ಲ. ಇಷ್ಟು ನಿಜವನ್ನು ಬರೆದರೆ ಸಾಕು. ಒಂದೇ ಎಚ್ಚರ: ಗೋಧಿ ಬೀಸಿದ ಗಿರಣಿಯಲ್ಲಿಯೇ ನಿಮ್ಮ ಜೋಳವನ್ನೂ ಬೀಸಿಸುತ್ತಿದ್ದರೆ ಗ್ಲುಟೆನ್ ಇಲ್ಲವೆಂಬ ಮಾತನ್ನೂ ಬರೆಯಬೇಡಿ, ಏಕೆಂದರೆ ಅದನ್ನು ಸ್ವಲ್ಪವೂ ತಿನ್ನಬಾರದ ರೋಗಿಗಳಿರುತ್ತಾರೆ.

ಎರಡನೆಯದಾಗಿ, ಪುಟ ತೆರೆಯುವ ಮೊದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. 14 ಅಂಕಿಗಳ ಆ ಸಂಖ್ಯೆ, ತಯಾರಾದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ತೂಕ, ಏನೇನು ಹಾಕಿದೆ, ವಿಳಾಸ, ಬೆಲೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಲೇಬಲ್ಲಿನ ಮೇಲೆ ಇರಲಿ. ಹಿಂಡಿಯಲ್ಲಿ ಶೇಂಗಾ ಇದ್ದರೆ ಎದ್ದು ಕಾಣುವಂತೆ ಬರೆಯಿರಿ. ಅದು ಒಗ್ಗದವರು ಇದ್ದಾರೆ.

ಮೂರನೆಯದು ಪಾರ್ಸೆಲ್. ಪ್ರಚಾರಕ್ಕೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಡಬೇಕು. ಖಡಕ್ ರೊಟ್ಟಿ ದಾರಿಯಲ್ಲಿ ಮುರಿದು ಚೂರಾದರೆ ಗ್ರಾಹಕರು ಅದರ ಚಿತ್ರವನ್ನು ನಿಮ್ಮ ಪುಟದಲ್ಲಿಯೇ ಹಾಕುತ್ತಾರೆ, ಅದನ್ನು ನೋಡಿದವರು ಮತ್ತೆ ನಿಮ್ಮ ಕಡೆ ತಿರುಗುವುದಿಲ್ಲ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗದಂತೆ ಜೋಡಿಸಿ, ಮೊದಲು ನಿಮ್ಮದೇ ಬಂಧುಗಳಿಗೆ ಸಾರಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿಯೂ ಕೊರಿಯರಿನಲ್ಲಿಯೂ ಕಳಿಸಿ ಪರೀಕ್ಷಿಸಿ ನೋಡಿ. ಮಳೆಗಾಲದಲ್ಲಿ ಚೀಲದೊಳಗೆ ಗಾಳಿ ಹೋದರೆ ರೊಟ್ಟಿ ಮೆತ್ತಗಾಗುತ್ತದೆ. ಚೀಲದ ಬಾಯಿಯನ್ನು ಬಿಸಿಯಿಂದ ಮುಚ್ಚುವ ಚಿಕ್ಕ ಯಂತ್ರವನ್ನು ಕೊಳ್ಳುವುದು ಒಳ್ಳೆಯದು.

ಹಣದ ವಿಷಯದಲ್ಲಿ ಎಲ್ಲ ಸದಸ್ಯೆಯರಿಗೂ ಒಂದು ಮಾತನ್ನು ಬಾಯಿಪಾಠ ಮಾಡಿಸಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಯಾರೋ ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ತಾನು ಸೈನ್ಯದವನೆಂದು ಹೇಳಿಕೊಂಡು, ಕ್ಯಾಂಪಿಗೆ ನೂರಾರು ರೊಟ್ಟಿ ಬೇಕೆಂದು, ಮುಂಗಡ ಕಳಿಸಲು ಕೋಡ್ ಸ್ಕ್ಯಾನ್ ಮಾಡಿರೆಂದು ಪುಸಲಾಯಿಸುವ ವಂಚನೆ ದೇಶದ ಎಲ್ಲೆಡೆ ನಡೆದಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದರಿಂದ ನಮ್ಮ ಭಾಗದವರು ಅಂಥ ಮಾತನ್ನು ಬೇಗ ನಂಬುತ್ತಾರೆ. ಹಣ ಹೋಯಿತೆಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಮರಳಿ ಸಿಗುವ ಸಾಧ್ಯತೆ ಕಡಿಮೆ.

ಘಟಪ್ರಭಾ (ಮುಧೋಳ) ಅವರ ಉತ್ತರ:

ಮೇಲಿನ ಇಬ್ಬರೂ ಬಹಳ ಎಚ್ಚರಿಕೆಯ ದಾರಿ ಹೇಳಿದ್ದಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತಿಂದವರನ್ನಷ್ಟೇ ನೆಚ್ಚಿಕೊಂಡರೆ ಸಂಘ ಇದ್ದಲ್ಲಿಯೇ ಇರುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಊಟದ ವಿಡಿಯೊ ಮಾಡುವವರೊಬ್ಬರನ್ನು ಕರೆಸಿ ಊಟ ಹಾಕಿದರೆ ಒಂದೇ ದಿನದಲ್ಲಿ ಸಾವಿರಾರು ಜನ ನಿಮ್ಮನ್ನು ನೋಡುತ್ತಾರೆ. ಹಣ ಕೊಟ್ಟು ಮಾಡಿಸಿದರೆ ಅದು ಜಾಹೀರಾತೆಂದು ವಿಡಿಯೊದಲ್ಲಿ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ಪುಕ್ಕಟೆ ಊಟ, ಉಡುಗೊರೆಗಳಿಗೂ ಅದು ಅನ್ವಯಿಸುತ್ತದೆ. ಅದನ್ನು ಪಾಲಿಸಿ ಮುಂದುವರಿಯಿರಿ. ಗೂಗಲ್ ನಕ್ಷೆಯಲ್ಲಿ ಸಂಘದ ಜಾಗವನ್ನು ಗುರುತಿಸುವುದಕ್ಕೆ ಹಣ ಬೇಕಾಗಿಲ್ಲ. ಪ್ರವಾಸಿಗರು ಊಟ ಹುಡುಕುವುದು ಅಲ್ಲಿಯೇ.

ಬನದ ಹುಣ್ಣಿಮೆ (ಬಾದಾಮಿ ತಾಲ್ಲೂಕು):

ಮೂವರಿಗೂ ಸಂಘದ ಎಲ್ಲರ ಪರವಾಗಿ ಧನ್ಯವಾದಗಳು. ಪೋಸ್ಟರನ್ನು ಕೈಬಿಟ್ಟಿದ್ದೇವೆ. ಸಂಘದ ಹೆಸರಿನಲ್ಲಿ ಸಿಮ್ ಮತ್ತು ನೋಂದಣಿಗೆ ಅರ್ಜಿ ಹಾಕುವುದೆಂದು ಸಭೆಯಲ್ಲಿ ಠರಾವು ಮಾಡಿದ್ದೇವೆ. ಕೈಗಳ ವಿಡಿಯೊ ಎಂದಾಗ ಹಿಂಜರಿಯುತ್ತಿದ್ದ ಸದಸ್ಯೆಯರೂ ಒಪ್ಪಿದರು. ಘಟಪ್ರಭಾ ಅವರ ಸಲಹೆಯ ಮೇಲೆ ಮಾತ್ರ ನಮ್ಮಲ್ಲಿ ಒಮ್ಮತ ಬಂದಿಲ್ಲ. ಶ್ರಾವಣದ ನಾಗರ ಪಂಚಮಿಗೆ ಮೊದಲು ಪ್ರಚಾರ ಶುರು ಮಾಡಬೇಕೆಂಬ ಆಸೆ ಇದೆ, ಆದರೆ ರೊಟ್ಟಿ ಪಂಚಮಿಯ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಮನೆಗಳಿಗೂ ಓಣಿಯಲ್ಲಿ ಬೀರುವುದಕ್ಕೂ ರೊಟ್ಟಿ ಬಡಿಯುತ್ತಿರುತ್ತಾರೆ. ಆಗ ಬೇಡಿಕೆಗಳು ಒಮ್ಮೆಲೇ ಬಂದರೆ ಏನು ಮಾಡುವುದು?

ಮಾಲದಂಡಿ (ವಿಜಯಪುರ):

ಆ ವಾರಕ್ಕೆ ಬೇಡಿಕೆ ತೆಗೆದುಕೊಳ್ಳುವ ಕೊನೆಯ ದಿನವನ್ನು ಮೊದಲೇ ಘೋಷಿಸಿ. ವಾರಕ್ಕೆ ಎಷ್ಟು ಬಡಿಯಬಲ್ಲಿರಿ ಎಂಬುದನ್ನು ಸದಸ್ಯೆಯರೇ ಕೂತು ನಿರ್ಧರಿಸಲಿ. ಅಷ್ಟು ತುಂಬಿದ ಕೂಡಲೇ "ಈ ವಾರದ ರೊಟ್ಟಿ ಮುಗಿದಿವೆ, ಮುಂದಿನ ವಾರಕ್ಕೆ ಹೆಸರು ಬರೆಸಿ" ಎಂದು ಸ್ಟೇಟಸ್ ಹಾಕಿ. ಮುಂಗಡ ಪಡೆದು, ಹೆಸರು ಬರೆಸಿದ ಸರದಿಯಲ್ಲಿಯೇ ಕಳಿಸಿ. ಹಿಂಡಿಗಳು ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಅವನ್ನು ಮೊದಲೇ ಮಾಡಿಟ್ಟುಕೊಂಡು, ರೊಟ್ಟಿ ಸಿಗದವರಿಗೆ ಅದನ್ನಾದರೂ ಕಳಿಸಬಹುದು. ವಿಡಿಯೊ ಮಾಡುವವರನ್ನು ಕರೆಸುವುದಿದ್ದರೆ ಪಂಚಮಿ ಕಳೆದು, ಪಾರ್ಸೆಲ್ ಮುರಿಯದೆ ತಲುಪುತ್ತಿದೆಯೆಂದು ಖಾತ್ರಿಯಾದ ಮೇಲೆ ಕರೆಸಿ. ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದಿದ್ದರೆ, ನಿಮ್ಮ ಪಾರ್ಸೆಲ್ ಚೆನ್ನಾಗಿ ತಲುಪುವ ಊರುಗಳನ್ನಷ್ಟೇ ಆರಿಸಿ, ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವ ಬಗೆಯ ಜಾಹೀರಾತನ್ನು ಸಣ್ಣ ಮೊತ್ತದಿಂದ ಆರಂಭಿಸಿ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ ಕೇಳುವವರು ಹೆಚ್ಚುತ್ತಾರೆ, ಅದರ ಬೆನ್ನಿಗೇ ನಿಮ್ಮ ಜಾತ್ರೆ ಬರುತ್ತದೆ. ಜಾತ್ರೆಯಲ್ಲಿ ಊಟಕ್ಕೆ ಕೂತವರಿಗೆ ನಂಬರು ಮುದ್ರಿಸಿದ ಚೀಟಿ ಕೊಡುವ ಕೆಲಸವನ್ನು ಒಬ್ಬ ಸದಸ್ಯೆಗೆ ಈಗಲೇ ವಹಿಸಿಬಿಡಿ.