ವೇಪ್ ಜೇಬಲ್ಲಿಟ್ಟುಕೊಂಡು ಪ್ರಯಾಣ ಮಾಡಬಹುದಾ? ವಕೀಲರ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಇ-ಸಿಗರೇಟ್, ಅಂದರೆ ದ್ರವವನ್ನು ಕಾಯಿಸಿ ಆವಿ ಎಳೆಯುವ ವೇಪ್ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಕೇಳಿದ್ದೆವು. ಉತ್ತರ ಕೊಟ್ಟವರು ಬೆಂಗಳೂರಿನಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸುವ ಒಬ್ಬ ವಕೀಲೆ. ಕೇಳಿದವರ ಹೆಸರು ತೆಗೆದು, ಊರು ಮಾತ್ರ ಉಳಿಸಿದ್ದೇವೆ.

ಹುಬ್ಬಳ್ಳಿಯಿಂದ: ಮೇಡಂ, ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸಿಗರೇಟ್ ಬಿಟ್ಟು ಈಗ ವೇಪ್ ಹಿಡಿದಿದ್ದಾನೆ. ಮುಂದಿನ ತಿಂಗಳು ಗೆಳೆಯರ ಜೊತೆ ಥೈಲ್ಯಾಂಡಿನ ಫುಕೆಟ್‌ಗೆ ಹೊರಟಿದ್ದಾನೆ, ಅದನ್ನೂ ಬ್ಯಾಗಿಗೆ ಹಾಕಿಕೊಳ್ಳುತ್ತಾನಂತೆ. "ಅಲ್ಲಿ ಬೀದಿಬೀದಿಯಲ್ಲಿ ಮಾರುತ್ತಾರೆ ಅಕ್ಕ, ಯಾರೂ ಕೇಳಲ್ಲ" ಅಂತಾನೆ. ಏನಾದರೂ ತೊಂದರೆ ಆಗುತ್ತಾ?

ಉತ್ತರ: ಆಗುತ್ತದೆ ಅಕ್ಕ. ಅದೂ ಥೈಲ್ಯಾಂಡ್ ತಲುಪುವ ಮೊದಲೇ, ನಮ್ಮ ಏರ್‌ಪೋರ್ಟ್‌ನಲ್ಲೇ ಶುರುವಾಗಬಹುದು.

ನಮ್ಮ ದೇಶದಲ್ಲಿ ಇ-ಸಿಗರೇಟ್ ನಿಷೇಧವಾಗಿರುವುದು 2019ರ ಸೆಪ್ಟೆಂಬರ್ 18ರಿಂದ. ಮೊದಲು ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದೇ ಕಾಯ್ದೆಯಾಯಿತು. ಕರ್ನಾಟಕ ಅದಕ್ಕೂ ಮೊದಲೇ, 2016ರಲ್ಲೇ ಇದನ್ನು ನಿಷೇಧಿಸಿತ್ತು. ಕೇಂದ್ರದ ಕಾಯ್ದೆ ಬರೀ ಮಾರಾಟವನ್ನು ತಡೆಯುವುದಿಲ್ಲ. ತಯಾರಿಕೆ, ಆಮದು, ರಫ್ತು, ಸಾಗಣೆ, ಹಂಚಿಕೆ, ಜಾಹೀರಾತು ಎಲ್ಲವೂ ಅದರಲ್ಲಿವೆ. ನಿಮ್ಮ ತಮ್ಮ ಅದನ್ನು ದೇಶದಿಂದ ಹೊರಗೆ ಒಯ್ದರೆ ರಫ್ತು, ಅಲ್ಲಿಂದ ತಂದರೆ ಆಮದು. ಒಂದೇ ಒಂದು ಪೀಸ್ ಆದರೂ ಅಷ್ಟೇ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ.

ಇನ್ನು ಥೈಲ್ಯಾಂಡ್. ಅಲ್ಲಿ 2014ರಿಂದಲೇ ಇದರ ಆಮದು ನಿಷೇಧ. ಪ್ರವಾಸಿಗರಿಗೆ ವಿನಾಯಿತಿ ಇಲ್ಲ. ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, ಇಲ್ಲವೇ ವಸ್ತುವಿನ ಬೆಲೆಯ ಐದು ಪಟ್ಟು ದಂಡ ಹಾಕಲು ಅವಕಾಶವಿದೆ. ಬೀದಿಯಲ್ಲಿ ಮಾರುತ್ತಾರೆ ಅನ್ನುವುದು ನಿಜವೇ. ಆದರೆ ಮಾರುವವನು ಅಲ್ಲಿಯವನು, ಅವನಿಗೆ ಅಲ್ಲಿನ ಭಾಷೆ ಬರುತ್ತದೆ, ಅವನಿಗೆ ಗೊತ್ತಿರುವ ಜನ ಇದ್ದಾರೆ. ಪೊಲೀಸರು ನಿಲ್ಲಿಸಿದಾಗ ನಿಮ್ಮ ತಮ್ಮನ ಕೈಯಲ್ಲಿ ಇರುವುದು ಪಾಸ್‌ಪೋರ್ಟ್ ಮತ್ತು ವಾಪಸ್ ಬರುವ ಟಿಕೆಟ್ ಮಾತ್ರ. ವೇಪ್ ತೆಗೆದುಕೊಂಡು ಹೋಗಬೇಡ ಅಂತ ಖಡಾಖಂಡಿತವಾಗಿ ಹೇಳಿ. ಅಲ್ಲಿ ಹೋಗಿ ಕೊಳ್ಳುವುದೂ ಬೇಡ.

ಹುಬ್ಬಳ್ಳಿಯಿಂದ: ಸಿಂಗಾಪುರದ ಮೇಲೆ ಹೋಗಿ ಬರೋಣ ಅಂತಲೂ ಮಾತಾಡುತ್ತಿದ್ದಾರೆ ಮೇಡಂ. ಅಲ್ಲಿ?

ಉತ್ತರ: ಅಲ್ಲಿ ಇನ್ನೂ ಬಿಗಿ. ಸಿಂಗಾಪುರದಲ್ಲಿ 2018ರಿಂದ ಕೊಳ್ಳುವುದು, ಸೇದುವುದು, ಸುಮ್ನೆ ಇಟ್ಟುಕೊಳ್ಳುವುದು ಎಲ್ಲವೂ ತಪ್ಪು. 2025ರ ಸೆಪ್ಟೆಂಬರ್ 1ರಿಂದ ಇನ್ನಷ್ಟು ಗಟ್ಟಿ ಮಾಡಿದರು. ವೇಪ್ ಸಮೇತ ಮೊದಲ ಸಲ ಸಿಕ್ಕ ವಯಸ್ಕರಿಗೆ 700 ಸಿಂಗಾಪುರ ಡಾಲರ್ ದಂಡ. ಎಟೊಮಿಡೇಟ್ ಎಂಬ ಅರಿವಳಿಕೆ ಔಷಧಿಯನ್ನು ವೇಪ್‌ನ ದ್ರವ ಇರುವ ಪಾಡ್‌ಗಳಲ್ಲಿ ಬೆರೆಸಿ ಮಾರುತ್ತಿದ್ದರು. ಅದನ್ನೂ ಆಗಲೇ ಮಾದಕ ವಸ್ತುವಿನ ಪಟ್ಟಿಗೆ ಸೇರಿಸಿದರು. ಪದೇ ಪದೇ ಸಿಕ್ಕ ವಿದೇಶಿಯರನ್ನು ದೇಶದಿಂದ ಹೊರಗೆ ಹಾಕಿ, ಮತ್ತೆ ಬರದಂತೆಯೂ ಮಾಡಬಹುದು. ಅಲ್ಲಿ ಕೆಲಸಕ್ಕಿರುವ ನಮ್ಮವರು ಪಾಸ್, ಅಂದರೆ ಅಲ್ಲಿದ್ದು ಕೆಲಸ ಮಾಡುವ ಪರವಾನಗಿ, ಕಳೆದುಕೊಂಡರೆ ಬದುಕೇ ತಲೆಕೆಳಗಾಗುತ್ತದೆ.

ಹನಿಮೂನ್‌ಗೆ ಮಾಲ್ಡೀವ್ಸ್ ಅಂದುಕೊಂಡವರೂ ಕೇಳಿಸಿಕೊಳ್ಳಿ. ಅಲ್ಲಿ 2024ರ ನವೆಂಬರ್ 15ರಿಂದ ಆಮದು, ಡಿಸೆಂಬರ್ 15ರಿಂದ ಬಳಕೆಯೂ ನಿಷೇಧ. ರೆಸಾರ್ಟ್‌ಗೆ ಬರುವ ಪ್ರವಾಸಿಗರಿಗೂ ಇದು ಅನ್ವಯಿಸುತ್ತದೆ. ವಿಯೆಟ್ನಾಂ ಕೂಡ 2025ರ ಜನವರಿಯಿಂದ ನಿಷೇಧಿಸಿದೆ.

ಕುಂದಾಪುರದವರು, ಸದ್ಯ ದುಬೈಯಲ್ಲಿ: ಮೇಡಂ, ಇಲ್ಲಿ 2019ರಿಂದ ಇದು ಕಾನೂನುಬದ್ಧ. ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುತ್ತಾರೆ. ನಾನು ರಜೆಗೆ ಊರಿಗೆ ಬರುವಾಗ ನನ್ನದೇ ಒಂದು ಡಿವೈಸ್ ತಂದರೆ? ಮಾರಲಿಕ್ಕೆ ಅಲ್ಲ, ಬಿಲ್ಲೂ ಇದೆ.

ಉತ್ತರ: ಬಿಲ್ ಇದ್ದರೆ ಕೊಂಡದ್ದು ಸರಿ ಎಂದು ಗೊತ್ತಾಗುತ್ತದೆ, ಅಷ್ಟೇ. ತರುವುದಕ್ಕೆ ಅದು ಪರವಾನಗಿ ಅಲ್ಲ. ಸ್ವಂತ ಬಳಕೆಗೆ ಇಷ್ಟು ತರಬಹುದು ಎಂಬ ವಿನಾಯಿತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ಮದ್ಯಕ್ಕೆ ಲೀಟರ್ ಲೆಕ್ಕ ಇದೆ, ಸಿಗರೇಟಿಗೆ ಕಡ್ಡಿ ಲೆಕ್ಕ ಇದೆ, ಇದಕ್ಕೆ ಯಾವ ಲೆಕ್ಕವೂ ಇಲ್ಲ. ಕಸ್ಟಮ್ಸ್‌ನವರು ಕಂಡರೆ ಜಪ್ತಿ ಮಾಡುತ್ತಾರೆ. ನಿಮ್ಮ ರೂಮಿನಲ್ಲೇ ಬಿಟ್ಟು ಬನ್ನಿ.

ಗಲ್ಫ್‌ನಲ್ಲಿರುವ ಎಲ್ಲರಿಗೂ ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಊರಿಗೆ ಹೊರಟಾಗ ಪರಿಚಯದವರು ಪಾರ್ಸೆಲ್ ಕೊಡುತ್ತಾರೆ. "ತಮ್ಮನಿಗೆ ಚಾಕೊಲೇಟು, ಸೆಂಟು, ಅಷ್ಟೇ" ಅಂತಾರೆ. ನಾವೂ ದಾಕ್ಷಿಣ್ಯಕ್ಕೆ ಇಟ್ಟುಕೊಳ್ಳುತ್ತೇವೆ. ಈಗಿನ ಡಿಸ್ಪೋಸಬಲ್ ವೇಪ್‌ಗಳು ಹೈಲೈಟರ್ ಪೆನ್ನಿನ ಹಾಗೆ, ಪೆನ್‌ಡ್ರೈವ್ ಹಾಗೆ ಕಾಣುತ್ತವೆ. ಹತ್ತು ಇಪ್ಪತ್ತು ತುಂಬಿಸಿದರೂ ಪಾರ್ಸೆಲ್ ದಪ್ಪ ಆಗುವುದಿಲ್ಲ. ಅಷ್ಟು ಪೀಸ್ ಸಿಕ್ಕರೆ ಅಧಿಕಾರಿಗಳು ಅದನ್ನು ವ್ಯಾಪಾರದ ಸರಕು ಅಂತಲೇ ನೋಡುವುದು. ಬ್ಯಾಗ್ ನಿಮ್ಮದು, ಹಾಗಾಗಿ ಉತ್ತರ ಕೊಡಬೇಕಾದವರೂ ನೀವೇ. ಕೊಟ್ಟವರ ಎದುರೇ ಪಾರ್ಸೆಲ್ ಬಿಚ್ಚಿ ನೋಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೈಸೂರಿನಿಂದ, ಕಾನೂನು ವಿದ್ಯಾರ್ಥಿ: ಮೇಡಂ, ನಾನು ಕಾಯ್ದೆ ಓದಿದೆ. ಸೇದುವುದು ಅಪರಾಧ ಅಂತ ಎಲ್ಲೂ ಇಲ್ಲ. ಹಾಗಿದ್ದ ಮೇಲೆ ಸಾರ್ವಜನಿಕ ಜಾಗದಲ್ಲಿ ಒಬ್ಬ ಸೇದಿದರೆ ಪೊಲೀಸರು ಯಾವ ಆಧಾರದ ಮೇಲೆ ಹಿಡಿಯುತ್ತಾರೆ?

ಉತ್ತರ: ನೀವು ಓದಿದ್ದು ಸರಿ. ಮಾರಾಟ, ಆಮದು, ಹಂಚಿಕೆ ಇವನ್ನೆಲ್ಲ ತಡೆಯುವ ಸೆಕ್ಷನ್ 4ರಲ್ಲಿ ಸೇದುವವನ ಮಾತಿಲ್ಲ. ಸಂಸತ್ತು ವ್ಯಾಪಾರದ ಸರಪಳಿಯನ್ನು ಕಡಿಯಲು ಹೊರಟಿತ್ತು. ಆದರೆ ಮುಂದೆ ಓದಿ. ಸೆಕ್ಷನ್ 5ರಲ್ಲಿ ದಾಸ್ತಾನು ಬರುತ್ತದೆ. ಅದಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 50 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಜೇಬಲ್ಲಿರುವ ಒಂದು ಪೀಸ್ ದಾಸ್ತಾನು ಹೇಗಾಗುತ್ತದೆ ಅಂತ ನೀವು ವಾದ ಮಾಡಬಹುದು. ಅದು ಒಳ್ಳೆಯ ವಾದವೇ. ನಾನೂ ಕೋರ್ಟಿನಲ್ಲಿ ಅದನ್ನೇ ಮಾಡುತ್ತೇನೆ. ಆದರೆ ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಬೇರೆ ಮಾತು ಹೇಳಿದೆ. ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಅದು ಕಾಯ್ದೆಯ ಉಲ್ಲಂಘನೆ ಎನ್ನುವುದು ಅವರ ನಿಲುವು. ಠಾಣೆಯಲ್ಲಿ ನಡೆಯುವುದು ಆ ನಿಲುವು, ನಿಮ್ಮ ವಾದ ಅಲ್ಲ. ವಾದ ಮಾಡುವ ಹಂತ ಬರುವಷ್ಟರಲ್ಲಿ ಹುಡುಗನ ಹೆಸರು ಎಫ್‌ಐಆರ್‌ನಲ್ಲಿ ಇರುತ್ತದೆ. ಆಮೇಲೆ ಪಾಸ್‌ಪೋರ್ಟ್ ವೆರಿಫಿಕೇಶನ್ ಬರುತ್ತದೆ, ಕಂಪನಿಯವರ ಹಿನ್ನೆಲೆ ಪರಿಶೀಲನೆ ಬರುತ್ತದೆ. ಕೇಸ್ ಗೆದ್ದರೂ ಆ ಎರಡು ಮೂರು ವರ್ಷ ವಾಪಸ್ ಬರುವುದಿಲ್ಲ. ಇಪ್ಪತ್ತು ಇಪ್ಪತ್ತೆರಡರ ಹುಡುಗರು ಅಪ್ಪನ ಜೊತೆ ಬಂದು ನನ್ನ ಆಫೀಸಿನಲ್ಲಿ ತಲೆ ತಗ್ಗಿಸಿ ಕೂರುವುದನ್ನು ನೋಡಿದರೆ ಸಂಕಟ ಆಗುತ್ತದೆ.

ಜನ ಇದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದಾರೆ. "ಸಿಗರೇಟಿಗೆ ದಂಡ ಹಾಕುತ್ತಾರೆ, ವೇಪ್‌ಗೆ ಹೊಗೆ ಇಲ್ಲ, ವಾಸನೆ ಇಲ್ಲ, ಎಲ್ಲಿ ಬೇಕಾದರೂ ಎಳೆಯಬಹುದು" ಅಂತ. ಕಾನೂನು ಇರುವುದು ಇದರ ಉಲ್ಟಾ. ಬಸ್ ಸ್ಟ್ಯಾಂಡ್‌ನಲ್ಲಿ ಸಿಗರೇಟ್ ಸೇದಿದರೆ ಕೋಟ್ಪಾ ಕಾಯ್ದೆಯಡಿ ದಂಡ. ಮೊದಲು 200 ರೂಪಾಯಿ ಇತ್ತು, ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 1,000 ರೂಪಾಯಿ. ಕಟ್ಟಿದರೆ ಮುಗಿಯಿತು. ಆ ಕಾಯ್ದೆ ತಂಬಾಕಿನ ಬಗ್ಗೆ. ದೊಡ್ಡ ಹೋಟೆಲ್, ಏರ್‌ಪೋರ್ಟ್‌ಗಳಲ್ಲಿ ಸಿಗರೇಟ್ ಸೇದಲು ಪ್ರತ್ಯೇಕ ಜಾಗ ಮಾಡಲು ಅದರಲ್ಲಿ ಅವಕಾಶ ಇದೆ. ವೇಪ್‌ಗೆ ಅಂತ ಕಾನೂನು ಒಪ್ಪಿದ ಜಾಗ ಈ ದೇಶದಲ್ಲಿ ಎಲ್ಲೂ ಇಲ್ಲ. ಎಲ್ಲಿ ಸೇದಿದಿರಿ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ವಸ್ತು ನಿಮ್ಮ ಕೈಗೆ ಹೇಗೆ ಬಂತು, ಯಾರು ಕೊಟ್ಟರು ಅನ್ನುವುದೇ ಪ್ರಶ್ನೆ.

ತುಮಕೂರಿನಿಂದ: ನಿಕೋಟಿನ್ ಇಲ್ಲದ್ದು, ಬರೀ ಮಾವಿನಹಣ್ಣಿನ ಫ್ಲೇವರ್ ಇರೋದು ಆದರೆ ಪರವಾಗಿಲ್ಲ ಅಲ್ವಾ ಮೇಡಂ?

ಉತ್ತರ: ಇಲ್ಲ ಸರ್. ನಿಕೋಟಿನ್ ಇರಲಿ ಬಿಡಲಿ, ದ್ರವ ಅಥವಾ ಪದಾರ್ಥವನ್ನು ಕಾಯಿಸಿ ಆವಿ ಮಾಡಿ ಎಳೆಯುವ ಎಲೆಕ್ಟ್ರಾನಿಕ್ ಉಪಕರಣ ಎಲ್ಲವೂ ನಿಷೇಧದಲ್ಲಿ ಬರುತ್ತದೆ. ಇ-ಹುಕ್ಕಾ ಕೂಡ.

ಕಲಬುರಗಿಯಿಂದ: ನನ್ನ ತಾಯಿಗೆ ಅಸ್ತಮಾ ಇದೆ ಮೇಡಂ. ಬೆಂಗಳೂರಿಗೆ ಚೆಕಪ್‌ಗೆ ರೈಲಲ್ಲಿ ಬರುವಾಗ ಮೇಲಿನ ಬರ್ತ್‌ನಲ್ಲಿ ಇಬ್ಬರು ಹುಡುಗರು ರಾತ್ರಿಯೆಲ್ಲ ವೇಪ್ ಎಳೆಯುತ್ತಿದ್ದರು. ಕೇಳಿದರೆ "ಇದು ಹೊಗೆ ಅಲ್ಲ ಅಂಕಲ್, ಬರೀ ಆವಿ" ಅಂದರು. ಅಮ್ಮ ಬೆಳಗಿನವರೆಗೂ ಕೆಮ್ಮಿದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು?

ಉತ್ತರ: ಅಮ್ಮನಿಗೆ ಈಗ ಆರಾಮ ಇದೆ ಎಂದುಕೊಂಡಿದ್ದೇನೆ. ಅದು ನೀರಿನ ಆವಿ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್ ರಾಸಾಯನಿಕ, ಸಾಮಾನ್ಯವಾಗಿ ನಿಕೋಟಿನ್, ಇವೆಲ್ಲ ತೀರಾ ಸಣ್ಣ ಹನಿಗಳಾಗಿ ಗಾಳಿಯಲ್ಲಿ ತೇಲುತ್ತವೆ. ಎಸಿ ಬೋಗಿಯಲ್ಲಿ ಕಿಟಕಿ ತೆಗೆಯಲೂ ಆಗುವುದಿಲ್ಲ. ಅಸ್ತಮಾ ಇರುವವರಿಗೆ ಅದು ಸಾಕು.

ರೈಲ್ವೆ ಕಾಯ್ದೆಯ ಸೆಕ್ಷನ್ 167 ನಿಮ್ಮ ಕಡೆಗಿದೆ. ಜೊತೆಯ ಪ್ರಯಾಣಿಕರು ಆಕ್ಷೇಪಿಸಿದರೆ ಬೋಗಿಯಲ್ಲಿ ಸೇದುವಂತಿಲ್ಲ. ಹುಡುಗರ ಜೊತೆ ಜಗಳಕ್ಕೆ ಹೋಗಬೇಡಿ. ಟಿಟಿಇಗೆ ಹೇಳಿ, ಜೊತೆಗೆ 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್ಆರ್, ಬೋಗಿ, ಬರ್ತ್ ನಂಬರ್ ಹಾಕಿ ದೂರು ಕೊಡಿ. ಮುಂದಿನ ದೊಡ್ಡ ನಿಲ್ದಾಣದಲ್ಲಿ ರೈಲ್ವೆ ರಕ್ಷಣಾ ಪಡೆಯ, ಅಂದರೆ ಆರ್‌ಪಿಎಫ್‌ನವರು ಬರುತ್ತಾರೆ. ದೂರಿನಲ್ಲಿ "ಇ-ಸಿಗರೇಟ್" ಅಂತಲೇ ಬರೆಯಿರಿ, ಸುಮ್ನೆ "ಧೂಮಪಾನ" ಅಂತ ಬರೆಯಬೇಡಿ. ವಸ್ತು ನಿಷೇಧಿತ ಎಂದು ಗೊತ್ತಾದರೆ ಅವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಟಾಯ್ಲೆಟ್ಟಿಗೆ ಹೋಗಿ ಎಳೆದರೆ ಆಯಿತು ಅಂದುಕೊಳ್ಳುವವರೂ ಇದ್ದಾರೆ. 2023ರ ಆಗಸ್ಟ್‌ನಲ್ಲಿ ತಿರುಪತಿಯಿಂದ ಸಿಕಂದರಾಬಾದ್‌ಗೆ ಹೊರಟಿದ್ದ ವಂದೇ ಭಾರತ್‌ನಲ್ಲಿ ಒಬ್ಬ ಟಾಯ್ಲೆಟ್‌ನಲ್ಲಿ ಸಿಗರೇಟ್ ಹಚ್ಚಿದ. ಬೆಂಕಿ ನಂದಿಸುವ ವ್ಯವಸ್ಥೆ ತಾನಾಗಿಯೇ ಶುರುವಾಗಿ ಬೋಗಿ ತುಂಬಾ ಪುಡಿಯಂಥ ಹೊಗೆ ತುಂಬಿಕೊಂಡಿತು. ರೈಲು ನಿಲ್ಲಿಸಿ, ಕಿಟಕಿ ಗಾಜು ಒಡೆದು ಅವನನ್ನು ಹೊರಗೆ ತರಬೇಕಾಯಿತು. ವೇಪ್‌ನ ದಟ್ಟ ಆವಿಯನ್ನೂ ಸೆನ್ಸರ್ ಹೊಗೆ ಎಂದೇ ತಿಳಿಯಬಹುದು.

ದಾವಣಗೆರೆಯಿಂದ, ಒಬ್ಬ ತಂದೆ: ಮಗ ಹಾಸ್ಟೆಲ್‌ನಲ್ಲಿ ಓದುತ್ತಾನೆ. ಪೊಲೀಸರು ಗಾಡಿ ತಡೆದಾಗ ಅವನ ಜೇಬಲ್ಲಿ ವೇಪ್ ಸಿಕ್ಕಿದೆ. ತಡೆದವರು ಕೇಸ್ ಬೇಡ ಅಂದರೆ ದುಡ್ಡು ಕೊಡು ಅಂದರಂತೆ. ಇವನು ಹೆದರಿ ಫೋನಿನಿಂದಲೇ ಕಳಿಸಿದ್ದಾನೆ. ಮತ್ತೆ ಕೇಳಿದರೆ ಏನು ಮಾಡೋದು ಮೇಡಂ?

ಉತ್ತರ: ಮೊದಲು ಮಗನಿಗೆ ಬೈಯುವುದನ್ನು ಸ್ವಲ್ಪ ದಿನ ನಿಲ್ಲಿಸಿ ಸರ್. ಅವನು ನಿಮಗೆ ಹೇಳಿದ್ದಾನಲ್ಲ, ಅದೇ ದೊಡ್ಡದು. ಹೇಳದೆ ಸಾಲ ಮಾಡಿ ಕೊಡುತ್ತಾ ಹೋಗುವ ಹುಡುಗರಿದ್ದಾರೆ.

ಈ ಕಾಯ್ದೆಯಡಿ ಶೋಧ, ಜಪ್ತಿ ಮಾಡುವ ಅಧಿಕಾರ ಇರುವುದು ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನವರಿಗೆ. ಜಪ್ತಿ ಮಾಡಿದರೆ ಮಹಜರು ಬರೆಯಬೇಕು. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಬಿಟ್ಟುಬಿಡುವುದು ಈ ಕಾಯ್ದೆಯಲ್ಲಿ ಇಲ್ಲ. ದಂಡ ಹಾಕಬೇಕಾದದ್ದು ಕೋರ್ಟು. ಹಾಗಾಗಿ ರಸೀದಿ ಇಲ್ಲದೆ ಕೊಟ್ಟದ್ದು ಲಂಚವೇ. ಹಣ ಹೋದ ನಂಬರ್, ಸಮಯ, ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಳ್ಳಿ. ಮತ್ತೆ ಕೇಳಿದರೆ ಕೊಡಬೇಡಿ, ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಹೋಗುವ ಮೊದಲು ಒಬ್ಬ ವಕೀಲರ ಜೊತೆ ಕೂತು ದೂರು ಬರೆಸಿ. ಒಂದು ಪೀಸ್ ಇಟ್ಟುಕೊಂಡದ್ದಕ್ಕೆ ಕೇಸ್ ಆದರೂ ಜಾಮೀನು ಕಷ್ಟವಲ್ಲ.

ಮಗನನ್ನು ಒಂದು ವಿಷಯ ನೇರವಾಗಿ ಕೇಳಿ: ಅದು ಎಲ್ಲಿಂದ ಬಂತು? ಟೆಲಿಗ್ರಾಂನಲ್ಲಿ ಐದಾರು ಒಟ್ಟಿಗೆ ತರಿಸಿ ಹಾಸ್ಟೆಲ್ ಗೆಳೆಯರಿಗೆ ಕೊಡುತ್ತಿದ್ದರೆ, ಲಾಭ ಇಲ್ಲದಿದ್ದರೂ ಅದು ಹಂಚಿಕೆ. ಆಗ ಸೆಕ್ಷನ್ 4 ನೇರವಾಗಿ ಬೀಳುತ್ತದೆ. ಇವತ್ತೇ ನಿಲ್ಲಬೇಕು.

ಶಿವಮೊಗ್ಗದಿಂದ: ಮಗಳ ಹತ್ತಿರ ಅಮೆರಿಕಕ್ಕೆ ಹೊರಟಿದ್ದೇವೆ. ನಮ್ಮ ಯಜಮಾನರು ವೇಪ್ ಬಿಟ್ಟಿದ್ದಾರೆ, ಆದರೆ ಅಷ್ಟು ಗಂಟೆ ವಿಮಾನದಲ್ಲಿ ಚಡಪಡಿಸಿ ಎಲ್ಲಿ ಮತ್ತೆ ಹಿಡಿಯುತ್ತಾರೋ ಅಂತ ಚಿಂತೆ. ಅಲ್ಲಿ ಒಳಗಿನ ಫ್ಲೈಟ್‌ಗಳಲ್ಲಿ ಒಯ್ಯಬಹುದು ಅಂತ ಅಳಿಯ ಹೇಳುತ್ತಾರೆ.

ಉತ್ತರ: ಅಳಿಯ ಹೇಳಿದ್ದು ಅಲ್ಲಿಗೆ ಸರಿ ಅಮ್ಮ. ಅಮೆರಿಕದಲ್ಲಿ ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಅದರ ಲಿಥಿಯಂ ಬ್ಯಾಟರಿ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿ ನೋಡಿ ನಂದಿಸುತ್ತಾರೆ, ಕೆಳಗಿನ ಸರಕಿನ ಜಾಗದಲ್ಲಾದರೆ ಯಾರಿಗೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲೇ ಈ ನಿಯಮ ತಂದಿತು. ವಿಮಾನದಲ್ಲಿ ಚಾರ್ಜ್ ಮಾಡುವಂತೆಯೂ ಇಲ್ಲ, ಸೇದುವಂತೆಯೂ ಇಲ್ಲ. ಆದರೆ ನೀವು ಹೊರಡುವುದು ಭಾರತದಿಂದ, ವಾಪಸ್ ಬರುವುದೂ ಭಾರತಕ್ಕೆ. ಆದ್ದರಿಂದ ಯಜಮಾನರ ಹತ್ತಿರ ಅದು ಇರಲೇಬಾರದು.

ಚಡಪಡಿಕೆಗೆ 2 ಮಿಲಿಗ್ರಾಂ ನಿಕೋಟಿನ್ ಚೂಯಿಂಗ್ ಗಮ್ ಇದೆ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಬಿಪಿ, ಹೃದಯದ ತೊಂದರೆ ಇದ್ದರೆ ನಿಮ್ಮ ಡಾಕ್ಟರನ್ನು ಮೊದಲು ಕೇಳಿ. ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ನೊಂದು ದಾರಿ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, 1800-11-2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಸಲ ಮಾತಾಡಿ ಬಿಡುವುದಿಲ್ಲ, ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಪ್ರಯಾಣದ ಹಿಂದಿನ ದಿನದವರೆಗೆ ಕಾಯಬೇಡಿ, ಈ ವಾರವೇ ಯಜಮಾನರಿಂದ ಕರೆ ಮಾಡಿಸಿ.